ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು?

ಚಿತ್ರದುರ್ಗದ ಗೆಳೆಯರಿಗೆ ದಾವಣಗೆರೆಯಿಂದ ನಮಸ್ಕಾರ.

ನಿಮ್ಮ ‘ವೀರ’ ಕಥೆಯನ್ನು ಎರಡು ಸಲ ಓದಿದೆ. ಕಾಶ್ಮೀರದ ಒಂದು ಮನೆ, ಒಳಗೆ ಅಡಗಿದ ಉಗ್ರರು, ಕಮಾಂಡೋಗಳ ಜೊತೆ ಹೋದ ನಾಯಿ, ಕೊನೆಗೆ ಅದರ ಸಾವು. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ವೀರ ಮನೆ ಹತ್ತಿರ ಬರುತ್ತಲೇ ಬೊಗಳುತ್ತಾನೆ. ಹಾಗೆ ಬೊಗಳಿದರೆ ಹಿಂದಿರುವ ತಂಡದ ಕಥೆ ಮುಗಿದ ಹಾಗೇ. ಇಂಥ ಕೆಲಸದ ನಾಯಿಗೆ ಸದ್ದು ಮಾಡದೆ ಇರುವುದನ್ನು ಕಲಿಸಿರುತ್ತಾರೆ. ಬಿನ್ ಲಾಡೆನ್‌ನನ್ನು ಹಿಡಿದದ್ದೇ ನಾಯಿ ಅಂತ ಒಬ್ಬನ ಬಾಯಲ್ಲಿ ಹೇಳಿಸಿದ್ದೀರಿ. ಅವನನ್ನು ಕೊಂದ 2011ರ ಅಬೊಟ್ಟಾಬಾದ್ ದಾಳಿಯಲ್ಲಿ ಕೈರೋ ಎಂಬ ಬೆಲ್ಜಿಯನ್ ಮ್ಯಾಲಿನಾಯ್ ತಳಿಯ ನಾಯಿ ಇದ್ದದ್ದು ನಿಜ. ಆದರೆ ಅದು ಮುಖ್ಯವಾಗಿ ಕಾಂಪೌಂಡಿನ ಹೊರಗೆ ಕಾವಲಿಗಿತ್ತು.

ಇವೆಲ್ಲ ತಿದ್ದಬಹುದು. ನನಗೆ ಕಷ್ಟವಾದದ್ದು ಬೇರೆ. ಒಂದೂವರೆ ಪುಟ ವೀರ ತಾಯ್ನಾಡಿನ ಬಗ್ಗೆ ಯೋಚಿಸುತ್ತಾನೆ. ನಾಯಿಗೆ ದೇಶ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವಾಸನೆ, ತನ್ನವನ ದನಿ, ಕೆಲಸ ಮುಗಿದ ಮೇಲೆ ಸಿಗುವ ಚೆಂಡು. 2022ರ ಅಕ್ಟೋಬರ್‌ನಲ್ಲಿ ಅನಂತನಾಗ್‌ನಲ್ಲಿ ನಮ್ಮ ಸೇನೆಯ ಜೂಮ್ ಎಂಬ ನಾಯಿಯನ್ನು ಉಗ್ರರಿದ್ದ ಮನೆಯೊಳಗೆ ಕಳಿಸಿದರು. ಎರಡು ಗುಂಡು ಬಿದ್ದರೂ ಅದು ಕೆಲಸ ಬಿಡಲಿಲ್ಲ. 13ರಂದು ಶ್ರೀನಗರದ ಆಸ್ಪತ್ರೆಯಲ್ಲಿ ಜೀವ ಬಿಟ್ಟಿತು. ಹೋಗು ಅಂದರು, ಹೋಯಿತು. ನನಗೆ ಕರುಳು ಹಿಂಡುವುದು ಇಲ್ಲೇ. ಹೋಗು ಅಂದವನಿಗೆ ಒಳಗೆ ಏನಿದೆ ಅಂತ ಗೊತ್ತಿತ್ತು, ಅಲ್ವಾ? ವೀರನನ್ನು ನಡೆಸುವ ನಿಮ್ಮ ಹವಾಲ್ದಾರ ಮಾತ್ರ ಇಡೀ ಕಥೆಯಲ್ಲಿ ಸುಮ್ನೆ ಬೆಲ್ಟ್ ಹಿಡಿದು ನಿಂತಿದ್ದಾನೆ.

ಇನ್ನೊಂದು. ಇಂಥ ಹುಡುಕಾಟದಲ್ಲಿ ಸಾಧ್ಯವಾದಷ್ಟೂ ನಾಯಿಯನ್ನು ಗಾಳಿಗೆ ಎದುರಾಗಿ ನಡೆಸುತ್ತಾರೆ, ವಾಸನೆ ಅದರ ಕಡೆಗೇ ತೇಲಿ ಬರಲಿ ಅಂತ. ನಿಮ್ಮ ಕಥೆಯಲ್ಲಿ ಗಾಳಿಯೇ ಇಲ್ಲ! ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರದ ಫ್ಯಾನುಗಳನ್ನು ನೋಡುತ್ತಾ ಬೆಳೆದವರು ನೀವು. ಒಂದು ಸಂಜೆ ಅಲ್ಲಿ ನಿಂತು ನೋಡಿ, ಗಾಳಿ ಬಂಡೆ ಸುತ್ತಿ ಹೇಗೆ ತಿರುಗುತ್ತದೆ ಅಂತ.

ನಾಯಿಯನ್ನೂ ನೋಡಿ. ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ 2020ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು ಹತ್ತು ಕಿಲೋಮೀಟರ್‌ಗೂ ಜಾಸ್ತಿ ಓಡಿತ್ತು. ಶ್ವಾನದಳದ ಪ್ರದರ್ಶನವೊಂದರಲ್ಲಿ ನಾನು ಕಂಡದ್ದು ಇದು: ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದ ನಾಯಿ ತಟಕ್ಕನೆ ಬಾಯಿ ಮುಚ್ಚಿತು. ಬಾಯಿ ತೆರೆದು ಏದುತ್ತಾ ಅದಕ್ಕೆ ಸರಿಯಾಗಿ ಮೂಸಲು ಆಗುವುದಿಲ್ಲ. ಮೈಯೆಲ್ಲ ಬಿಗಿಯಾಯಿತು, ಮೂಗಿನ ಹೊಳ್ಳೆ ಮಾತ್ರ ಆಡುತ್ತಿತ್ತು. ಹಗ್ಗ ಹಿಡಿದವನೂ ಉಸಿರು ಬಿಗಿಹಿಡಿದು ಅದರ ಮುಖವನ್ನೇ ನೋಡುತ್ತಿದ್ದ. ನಿಮ್ಮ ಬೊಗಳಾಟದ ಜಾಗದಲ್ಲಿ ಇಂಥದ್ದು ಬೇಕು.

ಐದನೇ ಪುಟದಲ್ಲಿ ಹವಾಲ್ದಾರನ ಜೇಬಿನಲ್ಲಿ ಹಲ್ಲಿನ ಗುರುತು ಬಿದ್ದ ಚೆಂಡು ಇದೆ. ಒಂದೇ ಸಾಲು, ಆಮೇಲೆ ನೀವೇ ಅದನ್ನು ಮರೆತಿದ್ದೀರಿ. ಕಥೆ ಅಲ್ಲಿಂದ ಶುರುವಾಗಲಿ. ಯುಗಾದಿಯೊಳಗೆ ಕಳಿಸಿ, ಪುಟ ಕಾಯ್ದಿಡುತ್ತೇನೆ.

ನಿಮ್ಮ,
ಸಂಪಾದಕ