ಎಫ್‌ಎಂ ತುಂಬಿದ್ದರೆ ಡಿಜಿಟಲ್ ರೇಡಿಯೊಗೆ ಜಾಗ ಎಲ್ಲಿ?

ಸರ್, 87.5ರಿಂದ 108 ಮೆಗಾಹರ್ಟ್ಸ್‌ವರೆಗೆ ಎಫ್‌ಎಂ ಕಿಕ್ಕಿರಿದಿರುವಾಗ ಡಿಜಿಟಲ್‌ಗೆ ತರಂಗಾಂತರ ಎಲ್ಲಿಂದ ತರ್ತಾರೆ ಅಂತ ಕೇಳಿದ್ದೀರಿ. ಅಲ್ಲೇ ಹುಡುಕಬೇಕು ಅಂತೇನಿಲ್ಲ. ಡಿಎಬಿ ಅನ್ನೋ ಡಿಜಿಟಲ್ ರೇಡಿಯೊ ಪದ್ಧತಿ ನಡೆಯೋದು ಬ್ಯಾಂಡ್ 3 ಅನ್ನೋ ತರಂಗಾಂತರ ಪಟ್ಟಿಯಲ್ಲಿ, ಅಂದರೆ 174ರಿಂದ 240 ಮೆಗಾಹರ್ಟ್ಸ್. ಇದರ ಬಹುಪಾಲು ಅನಲಾಗ್ ಟಿವಿಯ ಹಳೇ ಜಾಗ. ಟಿವಿ ಡಿಜಿಟಲ್ ಆಗಿ ಇನ್ನೂ ಮೇಲಿನ ಯುಎಚ್‌ಎಫ್ ಪಟ್ಟಿಗೆ ಹೋದ ದೇಶಗಳಲ್ಲಿ ತೆರವಾಯ್ತು. 7 ಮೆಗಾಹರ್ಟ್ಸ್‌ನ ಒಂದು ಟಿವಿ ಚಾನೆಲ್‌ನಲ್ಲಿ ಡಿಎಬಿಯ 4 ಬ್ಲಾಕ್ (ಹಲವು ಸ್ಟೇಷನ್‌ಗಳನ್ನು ಒಟ್ಟಿಗೆ ಹೊರೋ ಸಿಗ್ನಲ್) ಹಿಡಿಸುತ್ತವೆ. ಅದರ ಸುಧಾರಿತ ರೂಪ ಡಿಎಬಿ ಪ್ಲಸ್ ಆದರೆ, ಮಧ್ಯಮ ಮಟ್ಟದ ದೋಷರಕ್ಷಣೆ ಇಟ್ಟು, ಸೆಕೆಂಡಿಗೆ 64 ಕಿಲೋಬಿಟ್‌ನ 18 ಸ್ಟೇಷನ್ ಒಂದೇ ಬ್ಲಾಕ್‌ನಲ್ಲಿ.

ನಿಜವಾದ ಉಳಿತಾಯ ಇರೋದು ಬೇರೆ ಕಡೆ. ಎಫ್‌ಎಂನಲ್ಲಿ ಒಂದೇ ಕಾರ್ಯಕ್ರಮ ಕೊಡೋ ಅಕ್ಕಪಕ್ಕದ ಟವರ್‌ಗಳಿಗೂ ಬೇರೆ ಬೇರೆ ಫ್ರೀಕ್ವೆನ್ಸಿ ಬೇಕು, ಇಲ್ಲದಿದ್ದರೆ ಒಂದನ್ನೊಂದು ಕೆಡಿಸುತ್ತವೆ. ಡಿಎಬಿಯಲ್ಲಿ ಇಡೀ ಪ್ರದೇಶದ ಟವರ್‌ಗಳೆಲ್ಲ ಒಂದೇ ಫ್ರೀಕ್ವೆನ್ಸಿಯಲ್ಲಿ ಕೂಡಿ ಹಾಡಬಹುದು. ಪ್ರತಿ ಸಿಂಬಲ್ (ಒಮ್ಮೆಗೆ ಕಳಿಸೋ ಡಿಜಿಟಲ್ ತುಣುಕು) ಜೊತೆ 246 ಮೈಕ್ರೊಸೆಕೆಂಡ್ ಬಿಡುವು ಇಟ್ಟಿರ್ತಾರೆ. ಎರಡು ಟವರ್‌ಗಳ ದಾರಿಯಲ್ಲಿ ಸುಮಾರು 74 ಕಿ.ಮೀ.ವರೆಗೆ ವ್ಯತ್ಯಾಸ ಇದ್ದರೂ ತಡವಾಗಿ ಬಂದ ಸಿಗ್ನಲ್ ತೊಂದರೆ ಕೊಡೋದಿಲ್ಲ, ಬಲ ಸೇರಿಸುತ್ತೆ.

ಹಾಗಂತ ತೆರವಾದದ್ದೆಲ್ಲ ಕೈಗೆ ಸಿಗಲ್ಲ. ಗಡಿಯಾಚೆಯ ದೇಶವೂ ಒಪ್ಪಬೇಕು. ಯುರೋಪ್, ಆಫ್ರಿಕಾ ದೇಶಗಳು ಬ್ಯಾಂಡ್ 3ರ ಹಂಚಿಕೆಯನ್ನು 2006ರ ಜಿನೀವಾ ಒಪ್ಪಂದದಲ್ಲಿ ಮಾಡಿಕೊಂಡವು.

ಹೊಸ ತರಂಗಾಂತರ ಪಟ್ಟಿಯೇ ಬೇಡ ಅಂದರೆ ಎಚ್‌ಡಿ ರೇಡಿಯೊ ಇದೆ, ಹಾಲಿ ಎಫ್‌ಎಂ ಸ್ಟೇಷನ್‌ನ ಎರಡೂ ಬದಿಗೆ ಡಿಜಿಟಲ್ ಅಂಟಿಸೋದು. ಒತ್ತೊತ್ತಾಗಿ ಸ್ಟೇಷನ್ ಇರೋ ಊರಲ್ಲಿ ಪಕ್ಕದವರಿಗೆ ಕಿರಿಕಿರಿ. ಡಿಆರ್‌ಎಂ ಅನ್ನೋ ಇನ್ನೊಂದು ಡಿಜಿಟಲ್ ಪದ್ಧತಿಗೆ 96 ಕಿಲೋಹರ್ಟ್ಸ್ ಸಾಕು, ಎಫ್‌ಎಂ ಸಂದಿಗಳಲ್ಲೂ ತೂರುತ್ತೆ. ಮೀಡಿಯಂ ವೇವ್‌ನಲ್ಲಾದರೆ ಹಳೇ ಚಾನೆಲ್‌ನಷ್ಟೇ ಜಾಗ.

ನನ್ನ ಪ್ರಕಾರ ಜಾಗಕ್ಕಿಂತ ರಿಸೀವರ್‌ನದ್ದೇ ದೊಡ್ಡ ತಲೆನೋವು, ಹಳೇ ಎಫ್‌ಎಂ ಸೆಟ್‌ನಲ್ಲಿ ಡಿಜಿಟಲ್ ಬರಲ್ಲ, ಅದರಲ್ಲೂ ಕಾರಿನದ್ದು. ನಾರ್ವೆಯಲ್ಲಿ ಡಿಎಬಿ ಶುರುವಾದದ್ದು 1995ರಲ್ಲಿ, ರಾಷ್ಟ್ರೀಯ ಸ್ಟೇಷನ್‌ಗಳ ಎಫ್‌ಎಂ ನಿಂತದ್ದು 2017ರಲ್ಲಿ. ಸಣ್ಣ ಸ್ಥಳೀಯ ಸ್ಟೇಷನ್‌ಗಳು ಆಮೇಲೂ ಎಫ್‌ಎಂನಲ್ಲೇ ಉಳಿದವು.

ನಿಮ್ಮ ಕಡೆ ಏನಿದೆ ಅಂತ ನೀವೇ ನೋಡಬಹುದು. ಒಂದು ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸೋ ಪುಟ್ಟ ರೇಡಿಯೊ ರಿಸೀವರ್), ತಲಾ ಸುಮಾರು 36 ಸೆಂ.ಮೀ.ನ ಎರಡು ತಂತಿಯ ಡೈಪೋಲ್ ಆಂಟೆನಾ ಸಾಕು. ಡೈಪೋಲ್ ನೆಟ್ಟಗೆ ನಿಲ್ಲಿಸಿ. ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಪರದೆಯಲ್ಲಿ ತೋರಿಸೋ ಚಿತ್ರ) ತಲೆ ಸಪಾಟಾದ, 1.5 ಮೆಗಾಹರ್ಟ್ಸ್ ಅಗಲದ ಪಟ್ಟೆ ಕಂಡರೆ ಬಹುತೇಕ ಅದು ಡಿಎಬಿ. ವೆಲ್ಲೆ ಡಾಟ್ ಐಒ ತಂತ್ರಾಂಶ ಹಾಕಿದರೆ ಸ್ಟೇಷನ್ ಹೆಸರುಗಳೇ ಬರುತ್ತವೆ. ಗೇನ್ (ಸಿಗ್ನಲ್ ಹಿಗ್ಗಿಸೋ ಪ್ರಮಾಣ) ತೀರಾ ಏರಿಸಬೇಡಿ, ಹತ್ತಿರದ ಎಫ್‌ಎಂ ಟವರ್ ಡಾಂಗಲ್ಲನ್ನು ಮುಳುಗಿಸಿಬಿಡುತ್ತೆ.