ಐದನೇ ದಿನಕ್ಕೆ ಸಿಪ್ಪೆ ಏಳುವುದು ಸಹಜ

ಮುಂಗೈಗೆ ಟ್ಯಾಟೂ ಹಾಕಿಸಿ ಐದು ದಿನ ಆಯ್ತು, ಸಿಪ್ಪೆ ಏಳುತ್ತಿದೆ, ಬಣ್ಣ ಹೋಗಿಬಿಡುತ್ತಾ, ಅಜ್ಜಿ ಹೇಳಿದಂತೆ ಅರಿಶಿನ ಹಚ್ಚಲಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಶಾಯಿ ಇರುವುದು ಚರ್ಮದ ಒಳಪದರದಲ್ಲಿ. ಉದುರುತ್ತಿರುವುದು ಮೇಲಿನ ಪದರ. ಅದಕ್ಕೂ ಸ್ವಲ್ಪ ಬಣ್ಣ ಅಂಟಿರುತ್ತದೆ. ಟವೆಲ್ ಮೇಲೆ ಕರಿ ಚೂರು ಕಂಡು ಎದೆ ಧಸಕ್ ಅನ್ನುತ್ತದೆ, ಅಷ್ಟೇ.

ಕೆರೆಯಬೇಡಿ, ಸಿಪ್ಪೆ ಕೀಳಬೇಡಿ. ಕಷ್ಟದ ಕೆಲಸ ಇದೊಂದೇ! ದಿನಕ್ಕೆ ಎರಡು ಸಲ ಕೈ ತೊಳೆದುಕೊಂಡು, ಘಮ ಇಲ್ಲದ ಸೋಪು ಹಾಕಿ ಮೆಲ್ಲಗೆ ತೊಳೆಯಿರಿ. ಉಜ್ಜದೆ ಒತ್ತಿ ಒರೆಸಿ. ಆಮೇಲೆ ಘಮ ಇಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿ. ಪಳಪಳ ಹೊಳೆಯುತ್ತಿದ್ದರೆ ಜಾಸ್ತಿ ಆಯ್ತು ಅಂತಲೇ ಲೆಕ್ಕ.

ಅರಿಶಿನ ಬೇಡವೇ ಬೇಡ. ಒಗ್ಗರಣೆ ಡಬ್ಬಿಯ ಪುಡಿ ಹಸಿ ಗಾಯಕ್ಕೆ ಹಾಕುವಷ್ಟು ಶುದ್ಧ ಇರುವುದಿಲ್ಲ. ಅಜ್ಜಿ ಬೈದರೆ ಬೈಸಿಕೊಳ್ಳಿ. ಪೂರ್ತಿ ಮಾಯುವವರೆಗೆ, ಅಂದರೆ ಎರಡು ಮೂರು ವಾರ, ಈಜು ಬಿಡಿ. ಬಿಸಿಲಿಗೆ ಹೋಗುವಾಗ ತುಂಬುತೋಳಿನ ಸಡಿಲ ಹತ್ತಿ ಅಂಗಿ ಹಾಕಿ. ಕೆಂಪು ಹರಡುತ್ತಾ ಹೋದರೆ, ಕೀವು ಅಥವಾ ಜ್ವರ ಬಂದರೆ ಟ್ಯಾಟೂ ಅಂಗಡಿಗಲ್ಲ, ಸೀದಾ ಡಾಕ್ಟರ ಹತ್ತಿರ ಹೋಗಿ.

ಅಂದ ಹಾಗೆ, ನಮ್ಮಲ್ಲಿ ಟ್ಯಾಟೂ ಆದ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ.