ಕೈಕಾಲು ಆಮೇಲೆ, ಮೊದಲು ಕತ್ತು ಕೊಡಿ

ಫೋನಿನಲ್ಲಿ ದಿನಾ ಮಾತಾಡುವ ಎಐಗೆ ಮನೆಯಲ್ಲೇ ಒಂದು ರೋಬೋ ಮೈ ಕಟ್ಟಿಕೊಡಬಹುದಾ, ಕೈ, ಚಕ್ರ ಎಲ್ಲ ಇಟ್ಟು, ಎಂದು ಕೇಳಿದ್ದೀರಿ. ಖಂಡಿತ ಕಟ್ಟಬಹುದು. ಆದರೆ ಕೈ, ಚಕ್ರದಿಂದ ಶುರು ಮಾಡಬೇಡಿ. ಕತ್ತಿನಿಂದ ಶುರು ಮಾಡಿ. ನಾನು ಇದನ್ನೇ ಉಲ್ಟಾ ಮಾಡಿ ಆರು ತಿಂಗಳು ಕಳೆದುಕೊಂಡೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲು ನಾನು ಮಾಡಿದ್ದು ನಾಲ್ಕು ಚಕ್ರದ ಗಾಡಿ. ಅದರ ಮೇಲೆ ರಾಸ್ಪ್‌ಬೆರಿ ಪೈ 5 ಎಂಬ ಅಂಗೈಯಗಲದ ಪುಟ್ಟ ಕಂಪ್ಯೂಟರ್, ಮೈಕು, ಸ್ಪೀಕರ್. ಮಾತೇನೋ ಚೆನ್ನಾಗಿಯೇ ಆಡುತ್ತಿತ್ತು. ಆದರೆ ನಡುಮನೆಯಿಂದ ಅಡುಗೆಮನೆಗೆ ಹೋಗುವ ಹೊಸ್ತಿಲು ದಾಟಲು ಆಗಲೇ ಇಲ್ಲ. ಚಾಪೆ ಹಾಸಿದ್ದರೆ ಅದರ ಅಂಚಿಗೆ ಸಿಕ್ಕಿಕೊಂಡು ಚಕ್ರ ಸುಮ್ನೆ ಸುತ್ತುತ್ತಿತ್ತು. ರೋಬೋ ತಜ್ಞ ಹಾನ್ಸ್ ಮೊರಾವೆಕ್ 1988ರಲ್ಲೇ ಹೇಳಿದ್ದು ಆಗ ನನಗೆ ಅರ್ಥವಾಯಿತು. ಬುದ್ಧಿ ಪರೀಕ್ಷೆಯಲ್ಲಿ ಕಂಪ್ಯೂಟರನ್ನು ದೊಡ್ಡವರ ಮಟ್ಟಕ್ಕೆ ತರುವುದು ಸುಲಭ, ಒಂದು ವರ್ಷದ ಮಗುವಿನ ಹಾಗೆ ನೋಡುವುದು, ಓಡಾಡುವುದನ್ನು ಕಲಿಸುವುದೇ ಕಷ್ಟ. ನಿಮ್ಮ ಎಐ ವಚನಕ್ಕೆ ಅರ್ಥ ಬಿಡಿಸಿ ಹೇಳೀತು. ನೀರಿನ ಲೋಟ ಎತ್ತಿ ಕೊಡುವುದು ಅದಕ್ಕಿಂತ ಎಷ್ಟೋ ದೂರದ ಮಾತು.

ಇನ್ನೊಂದು ತೊಂದರೆ ನನಗೆ ತಡವಾಗಿ ಕಂಡಿತು. ಇಬ್ಬರು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಸಾಮಾನ್ಯವಾಗಿ ಇರುವುದು ಸುಮಾರು 200 ಮಿಲಿಸೆಕೆಂಡ್. ಯಂತ್ರಕ್ಕೆ ಅಷ್ಟು ಬೇಗ ಆಗುವುದಿಲ್ಲ. ಎದುರಿನವರ ಮಾತು ಮುಗಿಯಿತಾ ಎಂದು ಕಾಯಬೇಕು, ಅದನ್ನು ಅಕ್ಷರಕ್ಕೆ ಇಳಿಸಬೇಕು, ಉತ್ತರ ಕೊಡುವ ಎಐ ಭಾಷಾ ಮಾಡೆಲ್‌ಗೆ ಕಳಿಸಬೇಕು, ಬಂದ ಉತ್ತರವನ್ನು ಮತ್ತೆ ಧ್ವನಿ ಮಾಡಬೇಕು. ನಮ್ಮ ಮನೆಯ ನೆಟ್‌ನಲ್ಲಿ ಇದಕ್ಕೆಲ್ಲ ಮೂರು ಸೆಕೆಂಡ್ ಹಿಡಿಯುತ್ತದೆ. ಅಷ್ಟರೊಳಗೆ ಅಮ್ಮ "ಕೇಳಿಸ್ತೇನೋ?" ಎಂದು ಇನ್ನೊಂದು ಸಲ ಕೇಳಿಬಿಡುತ್ತಿದ್ದರು. ಎರಡು ಮಾತೂ ಕಲಸಿಕೊಂಡು ಉತ್ತರ ಎಲ್ಲಿಗೋ ಹೋಗುತ್ತಿತ್ತು.

ಇದನ್ನು ಸರಿ ಮಾಡಿದ್ದು ಕತ್ತು. ಎರಡೇ ಸಣ್ಣ ಸರ್ವೊ, ಅಂದರೆ ಹೇಳಿದಷ್ಟು ಡಿಗ್ರಿಗೆ ತಿರುಗಿ ನಿಲ್ಲುವ ಮೋಟರ್, ಒಂದು ಎಡ-ಬಲಕ್ಕೆ, ಒಂದು ಮೇಲೆ-ಕೆಳಗೆ. ಜೊತೆಗೆ ನಾಲ್ಕು ಮೈಕ್ ಇರುವ ಒಂದು ಬೋರ್ಡ್. ಆರು ಸೆಂಟಿಮೀಟರ್ ದೂರದ ಎರಡು ಮೈಕ್‌ಗಳಿಗೆ ಧ್ವನಿ ಮುಟ್ಟುವುದರಲ್ಲಿ ಹೆಚ್ಚೆಂದರೆ 175 ಮೈಕ್ರೊಸೆಕೆಂಡ್ ವ್ಯತ್ಯಾಸ ಬರುತ್ತದೆ. ಮಾತು ಯಾವ ಕಡೆಯಿಂದ ಬಂತು ಎಂದು ತಿಳಿಯಲು ಅಷ್ಟು ಸಾಕು.

ಹೋದ ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಅಮ್ಮ ನೆಲದ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು. "ಈ ಸಲ ಸಂಕ್ರಾಂತಿ ಯಾವ ವಾರ ಬಂತಪ್ಪಾ?" ಎಂದು ಕೇಳಿದರು. ಕಿರ್ ಎಂದು ಸದ್ದಾಗಿ ರೋಬೋ ತಲೆ ಅವರತ್ತ ತಿರುಗಿತು, ಸ್ವಲ್ಪ ಬಾಗಿತು. ಅಮ್ಮ ಒಂದು ಸಲ ತಲೆಯೆತ್ತಿ ನೋಡಿದರು, ಮತ್ತೆ ಕಾಯಿಗೆ ಕೈ ಹಾಕಿದರು. ಉತ್ತರಕ್ಕೆ ಅದೇ ಮೂರು ಸೆಕೆಂಡ್ ಬೇಕಾಯಿತು. ಅಮ್ಮ ಎರಡನೇ ಸಲ ಕೇಳಲಿಲ್ಲ. ತನ್ನ ಮಾತು ಅದಕ್ಕೆ ತಲುಪಿದೆ ಎಂದು ಅವರಿಗೆ ಗೊತ್ತಾಗಿತ್ತು. ನನಗೆ ಆವತ್ತು ಆದ ಖುಷಿ ಗಾಡಿ ಓಡಿದ ದಿನ ಆಗಿರಲಿಲ್ಲ.

ಇಲ್ಲೊಂದು ವಿಷಯ ಗಮನಿಸಿ. ಆ ಕತ್ತು ತಿರುಗಿಸಿದ್ದು ಭಾಷಾ ಮಾಡೆಲ್ ಅಲ್ಲ. ಪೈ ಮೇಲೆ ಓಡುವ ಸಣ್ಣ ಪ್ರೋಗ್ರಾಂ. ಅದಕ್ಕೇ ತಕ್ಷಣ ತಿರುಗುತ್ತದೆ. ಮಾಡೆಲ್ ಕೈಗೆ ಮೋಟರನ್ನು ನೇರವಾಗಿ ಕೊಡಲೇಬೇಡಿ. ಅದು 'ತಲೆಯಾಡಿಸು', 'ತಿರುಗು', 'ನಿಲ್ಲು' ಎಂಬ ಐದಾರು ಪದಗಳಲ್ಲಿ ಒಂದನ್ನು ಮಾತ್ರ ಹೇಳಲಿ. ಎಷ್ಟು ಡಿಗ್ರಿ, ಎಷ್ಟು ವೇಗ ಎಂಬುದನ್ನು ನಿಮ್ಮ ಪ್ರೋಗ್ರಾಂ ನೋಡಿಕೊಳ್ಳಲಿ. ನಾನು ಕತ್ತನ್ನು 30ರಿಂದ 150 ಡಿಗ್ರಿ ಒಳಗೆ ಕಟ್ಟಿಹಾಕಿದ್ದೇನೆ. ಜೊತೆಗೆ ಮೋಟರಿನ ಕರೆಂಟ್ ಮಾತ್ರ ಕಡಿಯುವ ಒಂದು ಕೆಂಪು ಸ್ವಿಚ್ ಕೈಗೆ ಸಿಗುವಂತೆ ಇಡಿ. ಮನೆಯಲ್ಲಿ ಮಕ್ಕಳಿದ್ದರೆ ಇದು ಬೇಕೇ ಬೇಕು.

ಕರೆಂಟ್ ವಿಷಯದಲ್ಲೂ ಹುಷಾರು. ಕತ್ತು ತಿರುಗಿದಾಗೆಲ್ಲ ನನ್ನ ಪೈ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಮೂರು ವಾರ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಕೊನೆಗೆ ಮೀಟರ್ ಹಿಡಿದು ನೋಡಿದರೆ ಸರ್ವೊ ಎಳೆದ ಹೊತ್ತಿಗೆ 5 ವೋಲ್ಟ್ ಕುಸಿಯುತ್ತಿತ್ತು. ಸರ್ವೊಗಳಿಗೆ ಬೇರೆ ಸಪ್ಲೈ ಕೊಡಿ, ಎರಡು ಸಪ್ಲೈಗಳ ಗ್ರೌಂಡ್ (ಮೈನಸ್) ತಂತಿ ಸೇರಿಸಿ, ಸರ್ವೊ ಲೈನಿಗೆ ಒಂದು 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಹಾಗೆಯೇ ಸ್ಪೀಕರ್ ಮಾತಾಡುವಾಗ ಮೈಕ್ ಮುಚ್ಚಿರಲಿ, ಇಲ್ಲದಿದ್ದರೆ ತನ್ನ ಮಾತಿಗೆ ತಾನೇ ಉತ್ತರ ಕೊಡುತ್ತದೆ.

ಕನ್ನಡ ಮಾತನ್ನು ಕೇಳಿ ಅಕ್ಷರಕ್ಕೆ ಇಳಿಸಲು ಓಪನ್‌ಎಐ ಕಂಪನಿಯ ವಿಸ್ಪರ್ ಮಾಡೆಲ್ ಇದೆ, ಐಐಟಿ ಮದ್ರಾಸಿನ ಎಐ4ಭಾರತ್ ಬಿಟ್ಟಿರುವ ಮಾಡೆಲ್‌ಗಳೂ ಇವೆ. ಎರಡನ್ನೂ ನಿಮ್ಮ ಮನೆಯವರ ಮಾತಿನ ಮೇಲೇ ಪರೀಕ್ಷಿಸಿ ಆರಿಸಿ. ಉತ್ತರ ಕೊಡುವ ಮಾಡೆಲ್ ಮಾತ್ರ ಸದ್ಯಕ್ಕೆ ನೆಟ್ ಮೇಲೇ ಇರಲಿ. ಪೈ ಮೇಲೆ ಓಡುವಷ್ಟು ಚಿಕ್ಕ ಮಾಡೆಲ್‌ಗಳನ್ನು ನಾನು ನೋಡಿದ್ದೇನೆ, ಕನ್ನಡದಲ್ಲಿ ತುಂಬಾ ಎಡವುತ್ತವೆ. ಆದರೆ ಒಂದೇ ಕಂಪನಿಗೆ ಜೋತುಬೀಳಬೇಡಿ. ಅಮೆರಿಕದಲ್ಲಿ ಜೀಬೊ ಎಂಬ ಮನೆ ರೋಬೋ 2017ರಲ್ಲಿ ಜನರ ಕೈಸೇರಿತು. 2019ರಲ್ಲಿ ಸರ್ವರ್ ನಿಲ್ಲುತ್ತದೆ ಎಂದು ಆ ರೋಬೋ ತಾನೇ ತನ್ನ ಮನೆಯವರಿಗೆ ಹೇಳಿ ವಿದಾಯ ಕೋರಿತು. ಅದನ್ನು ಹಚ್ಚಿಕೊಂಡಿದ್ದ ಮಕ್ಕಳಿಗೆ ಹೇಗಾಗಿರಬೇಡ? ನಮ್ಮದರ ಹಳೆ ಮಾತುಕತೆ, ಅಮ್ಮನ ಮಾತ್ರೆ ಹೊತ್ತು ಎಲ್ಲ ಮನೆಯಲ್ಲೇ, ಪೈಯ ಮೆಮೊರಿ ಕಾರ್ಡ್‌ನಲ್ಲೇ ಇದೆ. ಮಾಡೆಲ್ ಬದಲಾದರೂ ಅವು ಉಳಿಯುತ್ತವೆ.

ಕ್ಯಾಮೆರಾ ನಾನು ಹಾಕಿಲ್ಲ. ಮನೆಗೆ ಬರುವವರಿಗೆ ಮೈಕ್ ಇದೆ ಎಂದು ಮೊದಲೇ ಹೇಳುತ್ತೇನೆ.

ನೀವು ಬೆಂಗಳೂರಿನಲ್ಲಿದ್ದರೆ ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್‌.ಪಿ. ರೋಡಿಗೆ ಹೋಗಿ ಎರಡು ಎಸ್‌ಜಿ90 ಎಂಬ ಪುಟ್ಟ ಸರ್ವೊ, ಅವುಗಳನ್ನು ಕೂರಿಸುವ ಪ್ಯಾನ್-ಟಿಲ್ಟ್ ಬ್ರಾಕೆಟ್, ಒಂದು 5 ವೋಲ್ಟ್ ಅಡಾಪ್ಟರ್ ತನ್ನಿ. ಪೈ ಆಮೇಲೆ ಕೊಂಡರೂ ಆದೀತು, ಹಳೆ ಲ್ಯಾಪ್‌ಟಾಪ್‌ ಮತ್ತು ಮೋಟರ್ ನಡೆಸಬಲ್ಲ ಒಂದು ಆರ್ಡುಯಿನೊ ಬೋರ್ಡ್‌ನಿಂದಲೂ ಕತ್ತು ತಿರುಗಿಸಬಹುದು. ತಲೆಗೆ ರಟ್ಟಿನ ಡಬ್ಬ ಸಾಕು, ಹಗುರ ಇದ್ದಷ್ಟೂ ಒಳ್ಳೆಯದು. ನಮ್ಮದು ಇವತ್ತಿಗೂ ರಟ್ಟಿನ ತಲೆಯೇ.